ನೀರು ಎಷ್ಟಕ್ಕ ಬರ್ತದ, ದೋಣಿ ಎಷ್ಟಕ್ಕ ಏಳ್ತದ?

ಪ್ರಶ್ನೆ: ಸರ್, ನಮ್ಮ ಅಕ್ಕ ನರ್ಸ್ ನೌಕರಿ ಅಂತ ಕುಮಟಾಕ್ಕ ಹೋದಾಕಿ ಅಲ್ಲೇ ಮದುವಿ ಆಗ್ಯಾಳ. ಮಾವ್ರದು ಒಂದು ಸಣ್ಣ ಫೈಬರ್ ದೋಣಿ ಅದ, ಅಘನಾಶಿನಿ ಹೊಳಿ ದಂಡಿಗಿ ಇಡ್ತಾರ. ದೀಪಾವಳಿ ಅಮಾಸಿಗಿ ಹೋದಾಗ ನಾನು ಮುಂಜಾನಿ ಆರಕ್ಕ ಎದ್ದು ನಡೀರಿ ಮಾವ ದೋಣಿ ಬಿಡೋಣು ಅಂತ ಗಡಿಬಿಡಿ ಮಾಡಿ ಕರ್ಕೊಂಡು ಹೋದೆ, ನೋಡಿದ್ರ ನೀರೇ ಇಲ್ಲ, ದೋಣಿ ರಾಡ್ಯಾಗ ಕುಂತದ! ಮಾವ ನಕ್ಕು ಮೊಬೈಲ್‌ನ್ಯಾಗ ಒಂದು ಚಾರ್ಟ್ ತೋರ್ಸಿ "ಒಂಬತ್ತರ ತನಕ ಚಾ ಕುಡಿ" ಅಂದ್ರು. ಆ ಚಾರ್ಟ್ ಓದೋದು ಹೆಂಗ್ರಿ?
- ಒಬ್ಬ ಓದುಗ, ಶಹಾಪುರ

ಉತ್ತರ: ನಗಲಿ ಬಿಡ್ರಿ, ನಾನು ಕಲಬುರಗಿಯಿಂದ ಕಾರವಾರಕ್ಕ ವರ್ಗ ಆಗಿ ಹೋದ ಮೊದಲ್ನೇ ವಾರದಾಗೇ ದಂಡಿ ಮ್ಯಾಲ ಬಿಟ್ಟ ಹೊಸ ಚಪ್ಪಲ್ ಭರತದ ನೀರು, ಅಂದ್ರ ಏರಿ ಬರೋ ಸಮುದ್ರದ ನೀರು, ಒಯ್ದಿತ್ತು. ನಾವು ಬಿಸಿಲ ನಾಡಿನ ಮಂದಿಗಿ ನೀರು ಅಂದ್ರ ಮಳಿಗಿ ಏರ್ತದ ಬ್ಯಾಸಗಿಗಿ ಇಳೀತದ ಅಷ್ಟ, ಅಲ್ಲಿ ದಿನಕ್ಕ ಎರಡು ಸಲ ಏರಿ ಎರಡು ಸಲ ಇಳೀತದ.

ಮಾವ್ರು ತೋರ್ಸಿದ್ದು ಈ ಭರತ ಇಳಿತದ ಚಾರ್ಟ್, ಅದರಾಗ ಇರೋದು ಎರಡೇ ಸಂಗತಿ, ಟೈಮು ಮತ್ತ ಮೀಟರ್. ಉದಾಹರಣಿಗಿ ಒಂದು ಅಮಾಸಿ ದಿನ ಹಿಂಗ ಇರ್ತದ ಅಂತ ಹಿಡೀರಿ: ಮುಂಜಾನಿ 5:10ಕ್ಕ 0.3, 11:20ಕ್ಕ 1.7, ಸಂಜಿ 5:30ಕ್ಕ 0.7, ರಾತ್ರಿ 11:35ಕ್ಕ 1.5. ಹೊಸಬರು ಎಲ್ಲಾರೂ ಟೈಮ್ ಅಷ್ಟೇ ನೋಡ್ತಾರ, ಆದ್ರ ಖರೇ ನೋಡಬೇಕಾದ್ದು ಆ ಮೀಟರ್. ಮತ್ತ 1.7 ಅಂದ್ರ ಅಲ್ಲಿ 1.7 ಮೀಟರ್ ಆಳ ಅದ ಅಂತಲ್ಲ, ಇಳಿತದಾಗ ನೀರು ಸಾಮಾನ್ಯ ಯಾವ ಮಟ್ಟಕ್ಕಿಂತ ಕೆಳಗ ಹೋಗಲ್ಲೋ ಅದನ್ನ ಸೊನ್ನಿ ಅಂತ ಹಿಡಿದು ಅದರ ಮ್ಯಾಲಿನ ಎತ್ತರ. ನಿಮ್ಮ ಮಾವ್ರ ದೋಣಿ ಕುಂತಿರೋ ಜಾಗ ಆ ಸೊನ್ನಿಗಿಂತ ಎಷ್ಟು ಮ್ಯಾಲ ಅದ ಅಂತ ಯಾವ ಆ್ಯಪೂ ಹೇಳಲ್ಲ, ಅದನ್ನ ನೀವೇ ಕಂಡುಹಿಡೀಬೇಕು. ಒಂದು ದಿನ ದಂಡಿ ಮ್ಯಾಲ ಕುಂದ್ರಿ, ದೋಣಿ ರಾಡಿಯಿಂದ ಎದ್ದು ಅಲುಗಾಡಿದ ಟೈಮ್ ಬರ್ಕೊಂಡು ಆಗ ಚಾರ್ಟ್ ಪ್ರಕಾರ ಎಷ್ಟು ಮೀಟರ್ ಇತ್ತು ಅಂತ ಲೆಕ್ಕ ಹಾಕಿ, ಅಲ್ಲೇ ಒಂದು ಕಂಬ ನೆಟ್ಟು ಬಣ್ಣದ ಗೆರಿ ಹೊಡೀರಿ. ಅದು 1.2 ಬಂತು ಅನ್ರಿ. ಇನ್ನ ಮ್ಯಾಲ ನಿಮಗ ಬೇಕಾದ್ದು ಅದೊಂದೇ ನಂಬರ್.

ನಡುವಿನ ಹೊತ್ತಿಗಿ ಎಷ್ಟು ಏರಿರ್ತದ ಅನ್ನಾಕ ಹಳೇ ಲೆಕ್ಕ ಒಂದು ಅದ, ಒಟ್ಟು ಏರಿಕಿನ 12 ಪಾಲು ಮಾಡಿದ್ರ ಮೊದಲ್ನೇ ತಾಸಿಗಿ 1 ಪಾಲು, ಆಮ್ಯಾಲ 2, 3, 3, 2, ಕೊನೀಗಿ 1, ಅಂದ್ರ ಶುರುವಿಗಿ ಆರಾಮ, ನಡುವ ದಬಾಯಿಸಿ ಬರ್ತದ. ಮ್ಯಾಲಿನ ದಿನದ್ದು 0.3ರಿಂದ 1.7, ಏರೋದು 1.4 ಮೀಟರ್, ಎಂಟೂಕಾಲಿಗಿ ಸುಮಾರು 1.0, ಒಂಬತ್ತೂಕಾಲಿಗಿ 1.35, ಹಂಗಾಗಿ 1.2 ಬರೋದು ಒಂಬತ್ತರ ಒಳಗ. ಮಾವ್ರ ಚಾ ಲೆಕ್ಕ ಪಕ್ಕಾ ಇತ್ತು ನೋಡ್ರಿ. ವಾಪಸ್ ಬರೋದು ಮರೀಬ್ಯಾಡ್ರಿ, ಮಧ್ಯಾಹ್ನ ಎರಡೂವರಿ ಹೊತ್ತಿಗಿ ನೀರು ಮತ್ತ 1.2ಕ್ಕ ಇಳೀತದ, ಎರಡರೊಳಗ ದಂಡಿ ಮುಟ್ಟಲಿಲ್ಲಂದ್ರ ರಾತ್ರಿ ಒಂಬತ್ತರ ತನಕ ಹೊಳಿ ನಡುವ ಕುಂದ್ರೋದು ಆಗ್ತದ. ಏರೋ ನೀರಿನಾಗ ದೋಣಿ ಸಿಕ್ಕ್ರ ನೀರೇ ಬಿಡಸ್ತದ, ಇಳಿಯೋ ನೀರಿನಾಗ ಸಿಕ್ಕ್ರ ಮುಂದಿನ ಭರತಾನೇ ಗತಿ, ಅದಕ್ಕ ದೋಣಿ ಇಳಿಸೋದು ನೀರು ಏರೋವಾಗ.

ಭರತದ ಟೈಮ್ ದಿನಾ ಸುಮಾರು 50 ನಿಮಿಷ ತಡಾ ಆಗ್ತಾ ಹೋಗ್ತದ, ಚಂದ್ರನ ಕೆಲಸ ಅದು. ನಮ್ಮ ಪಂಚಾಂಗದ ಭಾಷಾದಾಗ ದಿನಕ್ಕ ಎರಡು ಘಳಿಗಿ ಅನ್ರಿ. ಅಮಾಸಿ ಹುಣ್ಣಿವಿ ಆಜೂಬಾಜೂ ನೀರು ಭಾಳ ಏರಿ ಭಾಳ ಇಳೀತದ, ಅಷ್ಟಮಿ ಹೊತ್ತಿಗಿ ಎರಡೂ ಕಡಿಮಿ. ಇದರಾಗ ಒಂದು ಪೇಚಾಟ ಅದ, ಹುಣ್ಣಿವಿ ತುದಿ ಭರತದಾಗ ದೋಣಿ ಪೂರಾ ಮ್ಯಾಲ ಎಳೆದು ಇಟ್ರ ಆಮ್ಯಾಲ ದಿನಾ ನೀರು ಸ್ವಲ್ಪ ಸ್ವಲ್ಪ ಕೆಳಗೇ ನಿಲ್ತದ, ಮುಂದಿನ ಅಮಾಸಿ ತನಕ ದೋಣಿ ಒಣಾ ಜಾಗದಾಗೇ, ಹತ್ತು ಮಂದಿನ ಕರ್ಕೊಂಡು ನೂಕಬೇಕು.

ಚಾರ್ಟ್ ಯಾವ ಬಂದರದ್ದು ಅಂತಾನೂ ನೋಡ್ರಿ, ಹೊಳಿ ಒಳಗ ಹೋದಂಗ ಭರತ ತಡಾ ಆಗಿ ಬರ್ತದ. ಒಂದೊಂದು ವೆಬ್‌ಸೈಟ್ ಗ್ರೀನಿಚ್ ಟೈಮ್ ತೋರ್ಸ್ತಾವ, ಅದಕ್ಕ ಐದೂವರಿ ತಾಸು ಕೂಡಿಸಬೇಕು. ಸಮುದ್ರದಿಂದ ಜೋರ್ ಗಾಳಿ ಬೀಸಿದ್ರ ಚಾರ್ಟಿಗಿಂತ ನೀರು ಜಾಸ್ತೀನೂ ಬರ್ತದ, ಯಾಕಂದ್ರ ಚಾರ್ಟಿಗಿ ಸೂರ್ಯ ಚಂದ್ರ ಗೊತ್ತು, ಗಾಳಿ ಗೊತ್ತಿಲ್ಲ. ಅಲೆ ಗಾಳಿ ಮುನ್ಸೂಚನೆ ಕೊಡೋ ಇನ್‌ಕಾಯಿಸ್ ಅನ್ನೋ ಸರ್ಕಾರಿ ಸಂಸ್ಥೆ ಇರೋದು ನಮ್ಮ ಬಾಜೂಕಿನ ಹೈದರಾಬಾದಿನಾಗ, ಸಮುದ್ರ ಇಲ್ಲದ ಊರಾಗ! ಅಳಿವೆ, ಅಂದ್ರ ಹೊಳಿ ಸಮುದ್ರ ಕೂಡೋ ಬಾಯಿ, ದಾಟೋದಿದ್ರ ಮಾತ್ರ ಜೋಕಿ, ಇಳಿತದಾಗ ಹೊಳಿ ನೀರು ಹೊರಗ ನುಗ್ತದ, ಎದುರಿಂದ ಅಲೆ ಬರ್ತಾವ, ಎರಡೂ ಗುದ್ದಾಡೋ ಜಾಗದಾಗ ಸಣ್ಣ ದೋಣಿ ಮಗಚ್ತಾವ. ಅದನ್ನ ಚಾರ್ಟ್ ನೋಡಿ ಅಲ್ಲ, ಮಾವ್ರನ್ನ ಕೇಳಿ ಮಾಡ್ರಿ.

ಪ್ರಶ್ನೆ: ನಮ್ಮ ಭೀಮಾದಾಗ ಹರಗೋಲು ಹಾಕಾಕೂ ಇಂಥಾ ಚಾರ್ಟ್ ಅದ ಏನ್ರಿ?
- ಅಫಜಲಪುರದಿಂದ

ಉತ್ತರ: ಇಲ್ರಿ, ಸಮುದ್ರದ ಭರತ ಇಲ್ಲಿ ತನಕ ಬರಲ್ಲ. ನಮ್ಮ ಕಡಿ ನೀರು ಏರ್ಸೋದು ಚಂದ್ರ ಅಲ್ಲ, ಗೇಟು. ಮಹಾರಾಷ್ಟ್ರದ ಉಜನಿ ಡ್ಯಾಮಿಂದ ಎಷ್ಟು ಬಿಟ್ಟಾರ, ಸೊನ್ನ ಬ್ಯಾರೇಜಿಂದ ಎಷ್ಟು ಬಿಡ್ತಾರ ಅಂತ ಕೇಳ್ಕೊಂಡು ಇಳೀರಿ. ಪೇಪರ್‌ನ್ಯಾಗ ಬರೋ 1 ಕ್ಯೂಸೆಕ್ ಅಂದ್ರ ಸೆಕೆಂಡಿಗಿ ಸುಮಾರು 28 ಲೀಟರ್, ಲಕ್ಷ ಕ್ಯೂಸೆಕ್ ಅಂತ ಬರೆದಿದ್ರ ಹರಗೋಲು ಬೋರಲ ಹಾಕಿ ಮನಿಗಿ ಹೋಗ್ರಿ. ಭರತಕ್ಕ ಟೈಮ್ ಅದ, ಗೇಟಿಗಿ ಇಲ್ಲ, ಡಂಗುರ ಸಾರಿದ ಮ್ಯಾಲ ಹೊಳ್ಯಾಗ ಇರಬ್ಯಾಡ್ರಿ.