ಗುಂಯ್‌ಗುಡುವ ಗಿಟಾರಿಗೆ ಯಾವ ಪಿಕಪ್?

ಪ್ರಶ್ನೆ: ನನ್ನ ಸ್ಟ್ರಾಟ್ ಮಾದರಿ (ಮೂರು ಪಿಕಪ್ಪಿನ) ಎಲೆಕ್ಟ್ರಿಕ್ ಗಿಟಾರ್ ಆಂಪ್‌ಗೆ ಸಿಕ್ಕಿಸಿದರೆ ಒಂದೇ ಸಮ ಗುಂಯ್‌ಗುಡುತ್ತದೆ. ಯಾವ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಹಾಕಿಸಲಿ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಮಲ್ಲೇಶ್ವರದ ನಮ್ಮ ಮನೆಯಲ್ಲೂ ಇದೇ ಕಥೆಯಾಗಿತ್ತು. ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ಮನೆಯ 50 ಹರ್ಟ್ಜ್ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ಮೊದಲು ಪಿಕಪ್ ಆರಿಸುವ ಸ್ವಿಚ್ಚನ್ನು 2ನೇ, ಆಮೇಲೆ 4ನೇ ಸ್ಥಾನಕ್ಕೆ ತನ್ನಿ; ಅಲ್ಲಿ ನಡುವಿನ ಪಿಕಪ್ ಪಕ್ಕದ ಒಂದರ ಜೊತೆ ನುಡಿಯುತ್ತದೆ. ಅಲ್ಲಿ ಗುಂಯ್ ಅಡಗಿದರೆ ನಡುವಿನ ಪಿಕಪ್ಪಿನ ಸುತ್ತು ಉಲ್ಟಾ ಇದೆ, ಎರಡರ ಗುಂಯ್ ಒಂದನ್ನೊಂದು ಅಳಿಸುತ್ತಿದೆ ಎಂದರ್ಥ. ಹಾಗಿದ್ದರೆ ಸದ್ಯಕ್ಕೆ ದುಡ್ಡು ಉಳಿಸಿ, ಆ ಎರಡು ಸ್ಥಾನಗಳಲ್ಲೇ ನುಡಿಸಿ. ನಾನು ವರ್ಷಗಟ್ಟಲೆ ಹಾಗೇ ನುಡಿಸಿದೆ.

ಬದಲಿಸಲೇಬೇಕೆಂದರೆ ಸಿಂಗಲ್ ಕಾಯಿಲ್ ಅಳತೆಯದೇ ಹಂಬಕರ್ ಕೊಳ್ಳಿ, ಮರ ಕೊರೆಯಬೇಕಿಲ್ಲ. ಅದರೊಳಗಿನ ಎರಡು ಸುರುಳಿಗಳು ಪರಸ್ಪರರ ಗುಂಯ್ ಅಳಿಸುತ್ತವೆ. ಆದರೆ ಸಿಂಗಲ್ ಕಾಯಿಲಿನ ಗಂಟೆಯಂಥ ನಾದ ತುಸು ದಪ್ಪಗಾಗುತ್ತದೆ. ನನಗಂತೂ ಆ ನಾದವೇ ಪ್ರಾಣ. ಅದಕ್ಕೇ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಬಳಿಯದನ್ನು ಮಾತ್ರ ಬದಲಿಸಿದೆ.