ಆರಕ್ಕೆ ಎಷ್ಟು ಹೊಂದಿತು ಎಂದು ಕೇಳುವ ಮೊದಲು

ತಾಯಿಗೆ ಶ್ವಾಸಕೋಶ ಕಸಿ ಆಗಬೇಕು, ಅಂಗಾಂಶ ಆರಕ್ಕೆ ಎಷ್ಟು ಹೊಂದಿದರೆ ಹೆಚ್ಚು ವರ್ಷ ಬದುಕುತ್ತಾರೆ, ಚೆನ್ನಾಗಿ ಹೊಂದುವ ದಾನಿಗಾಗಿ ಕಾಯೋಣವೇ ಎಂದು ಕೇಳಿದ್ದೀರಿ. ನಾನೂ ಶ್ವಾಸಕೋಶ ಕಸಿ ಮಾಡಿಸಿಕೊಂಡವಳು, ಇದನ್ನೇ ಕೇಳಿ ಕೇಳಿ ವೈದ್ಯರಿಗೆ ಸಾಕುಮಾಡಿದವಳು. ಪಕ್ಕದ ಮನೆಯವರ ಮೂತ್ರಪಿಂಡ ಕಸಿಯಲ್ಲಿ ಎಚ್‌ಎಲ್‌ಎ ಲೆಕ್ಕ ಕೇಳಿದ್ದೆನಲ್ಲ, ಅದೇ ತಲೆಯಲ್ಲಿ ಕೂತಿತ್ತು. ಎಚ್‌ಎಲ್‌ಎ ಎಂದರೆ ಜೀವಕೋಶಗಳ ಮೇಲಿನ ಗುರುತು, ಇದು ತನ್ನದು ಇದು ಪರರದು ಎಂದು ದೇಹ ತಿಳಿಯುವುದು ಅದರಿಂದ; ದಾನಿಯದೂ ರೋಗಿಯದೂ ಆರು ಗುರುತು ತಾಳೆ ನೋಡುತ್ತಾರೆ. ಆ ಅಂಕಿಯ ಹಿಂದೆ ಬಿದ್ದು, ಕೇಳಬೇಕಾದದ್ದನ್ನು ಕೇಳಲಿಲ್ಲ, ಹೇಳಬೇಕಾದದ್ದನ್ನೂ ಹೇಳಲಿಲ್ಲ.

ಕಸಿಗೆ ಕಾಯುವವರ ಪಟ್ಟಿಯಲ್ಲಿ ಹೆಸರಿದ್ದು, ದಾವಣಗೆರೆಯ ಮನೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕಾಯುತ್ತಿದ್ದ ಏಳನೆಯ ತಿಂಗಳು. ಗರ್ಭಕೋಶದ ಗಡ್ಡೆಯಿಂದ ವಿಪರೀತ ರಕ್ತಸ್ರಾವವಾಯಿತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಎರಡು ಬಾಟಲಿ ರಕ್ತ ಹಾಕಿ ಮೂರನೆಯ ದಿನ ಮನೆಗೆ ಕಳಿಸಿದರು. ಕಸಿ ತಂಡದ ಸಂಯೋಜಕಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಜ್ವರ, ಕೆಮ್ಮು, ಆಸ್ಪತ್ರೆ ಸೇರಿದ್ದು ಏನಾದರೂ ಇದೆಯೇ?" ಇಲ್ಲ ಎಂದುಬಿಟ್ಟೆ. ಹೇಳಿದರೆ ಪಟ್ಟಿಯಿಂದ ತೆಗೆಯುತ್ತಾರೇನೋ ಎಂಬ ಹೆದರಿಕೆ.

ಆ ಒಂದು "ಇಲ್ಲ" ಏನು ಮಾಡಿತೆಂದು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಬೇರೆಯವರ ರಕ್ತದಲ್ಲಿ ಅವರ ಬಿಳಿ ಕಣಗಳೂ ಇರುತ್ತವೆ, ಅವುಗಳ ಮೇಲೆ ಅವರ ಎಚ್‌ಎಲ್‌ಎ ಗುರುತು. ಎರಡು ಹೆತ್ತ ನನ್ನ ದೇಹವು ಮಕ್ಕಳಿಗೆ ತಂದೆಯಿಂದ ಬಂದ ಗುರುತುಗಳನ್ನು ಬಸಿರಿನಲ್ಲೇ ಕಂಡು ನೆನಪಿಟ್ಟುಕೊಂಡಿತ್ತು. ಪರೀಕ್ಷೆಗೆ ಸಿಗದಷ್ಟು ಮಂಪರಿನಲ್ಲಿದ್ದ ಆ ನೆನಪನ್ನು ಎರಡು ಬಾಟಲಿ ರಕ್ತ ಬಡಿದೆಬ್ಬಿಸಿತು, ಅಂಥ ಪರರ ಗುರುತುಗಳ ಮೇಲೆ ದಾಳಿ ಮಾಡುವ ಪ್ರತಿಕಾಯಗಳು ಹುಟ್ಟಿದವು. ಆದರೆ ಆಸ್ಪತ್ರೆಯ ಕಡತದಲ್ಲಿ ಇದ್ದದ್ದು ಅದಕ್ಕಿಂತ ಹಿಂದಿನ ವರದಿ: ಪ್ರತಿಕಾಯ ಇಲ್ಲ. ದಾನಿ ಸಿಕ್ಕ ರಾತ್ರಿ ರಕ್ತದ ಗುಂಪು ನೋಡಿದರು, ಎದೆಗೂಡಿನ ಅಳತೆ ನೋಡಿದರು, ನನ್ನ ಹಳೆಯ ವರದಿಯನ್ನು ದಾನಿಯ ಗುರುತುಗಳ ಜೊತೆ ಕಾಗದದ ಮೇಲೆ ತಾಳೆ ನೋಡಿದರು. ಎಲ್ಲ ಸರಿ. ಅಂದು ತೆಗೆದ ನನ್ನ ರಕ್ತವನ್ನು ದಾನಿಯ ಕಣಗಳ ಜೊತೆ ಬೆರೆಸಿ ಮಾಡಿದ ಕ್ರಾಸ್‌ಮ್ಯಾಚ್‌ನ ಫಲಿತಾಂಶ ಬಂದಾಗ ಶ್ವಾಸಕೋಶ ಆಗಲೇ ನನ್ನ ಎದೆಯೊಳಗಿತ್ತು. ದಾನಿಯ ವಿರುದ್ಧ ಪ್ರತಿಕಾಯ ಇದೆ ಎಂದು ಬಂತು.

ಒಂಬತ್ತನೆಯ ದಿನ ಮತ್ತೆ ಉಸಿರಿಗೆ ಯಂತ್ರ. ಪ್ರತಿಕಾಯ ತಗ್ಗಿಸಲು ಪ್ಲಾಸ್ಮಾ ಶೋಧಿಸಿದರು, ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರು, ರಿಟುಕ್ಸಿಮ್ಯಾಬ್ ಕೊಟ್ಟರು. ತೋಟ ಮಾರಿದೆವು. ಬದುಕಿದ್ದೇನೆ. ಆದರೆ ಬೆಳಿಗ್ಗೆ ಊದುವ ಪುಟ್ಟ ಯಂತ್ರದಲ್ಲಿ ಒಮ್ಮೆ 1.9 ಲೀಟರ್ ತೋರಿಸಿದ್ದು ನಾಲ್ಕು ವರ್ಷಕ್ಕೆ 1.2ಕ್ಕೆ ಇಳಿದಿದೆ. ದೀರ್ಘಕಾಲದ ತಿರಸ್ಕಾರ ಎನ್ನುತ್ತಾರೆ, ದೇಹ ಹೊಸ ಶ್ವಾಸಕೋಶವನ್ನು ನಿಧಾನವಾಗಿ ಒಲ್ಲೆನ್ನುವುದು. ಅಂದಹಾಗೆ, ನನಗೆ ಆರಕ್ಕೆ ಎರಡು ಹೊಂದಿತ್ತು. ಅದೇ ವಾರ್ಡಿನಲ್ಲಿದ್ದ ಹುಡುಗನಿಗೆ ಸೊನ್ನೆ. ಅವನು ಈಗ ಮೂರು ಮಹಡಿ ಹತ್ತುತ್ತಾನೆ.

ಹಾಗಾಗಿ ಕಾಯೋಣವೇ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೊಂದಾಣಿಕೆ ಹೆಚ್ಚಿದ್ದವರಿಗೆ ಕೊಂಚ ಅನುಕೂಲವೆಂದು ದೊಡ್ಡ ದತ್ತಾಂಶಗಳಲ್ಲಿ ಕಂಡಿದೆ, ನಿಜ. ಆದರೆ ತೆಗೆದ ಶ್ವಾಸಕೋಶವನ್ನು ತಣ್ಣಗಿಟ್ಟರೂ ಸಾಮಾನ್ಯವಾಗಿ 6ರಿಂದ 8 ಗಂಟೆಯೊಳಗೆ ಜೋಡಿಸಬೇಕು. ಅಷ್ಟರಲ್ಲಿ ಆರಕ್ಕೆ ಆರು ಹೊಂದುವವರನ್ನು ಎಲ್ಲಿಂದ ಹುಡುಕುತ್ತೀರಿ? ಕಾಯುತ್ತಲೇ ತೀರಿಕೊಂಡವರನ್ನು ನಾನು ನೋಡಿದ್ದೇನೆ. ಎಷ್ಟು ಹೊಂದಿತು ಎಂಬುದು ಬೇರೆ, ದಾನಿಯ ವಿರುದ್ಧ ಪ್ರತಿಕಾಯ ಈಗಾಗಲೇ ಇದೆಯೇ ಎಂಬುದು ಬೇರೆ. ಎರಡನೆಯದನ್ನು ಕೇಳಿ.

ನಿಮ್ಮ ತಾಯಿಯ ರಕ್ತದಲ್ಲಿ ಪ್ರತಿಕಾಯವಿದ್ದರೆ ಅದನ್ನು ಹುಟ್ಟಿಸಿದವರು ನೀವೇ ಇರಬಹುದು, ಹೊಟ್ಟೆಯಲ್ಲಿದ್ದಾಗಲೇ. ಇಂದೇ ಅವರ ಹತ್ತಿರ ಕೂತು ಕೇಳಿ: ಎಷ್ಟು ಸಲ ಬಸಿರಾದರು, ಇಳಿದುಹೋದವೂ ಸೇರಿಸಿ, ಯಾವಾಗಲಾದರೂ ರಕ್ತ ಹಾಕಿದ್ದರೇ. ಕೊನೆಯ ಪ್ರತಿಕಾಯ ಪರೀಕ್ಷೆ ಯಾವ ತಾರೀಖಿನದು ಎಂದು ಸಂಯೋಜಕರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ತಾರೀಖಿನ ನಂತರ ಒಂದು ಬಾಟಲಿ ರಕ್ತ ಹೋದರೂ ಅದೇ ದಿನ ಫೋನ್ ಮಾಡಿ ತಿಳಿಸಿ. ಆಮೇಲೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಅಷ್ಟಕ್ಕೇ ಪಟ್ಟಿಯಿಂದ ಹೆಸರು ಹೊಡೆಯುವುದಿಲ್ಲ ಎಂದು ನನಗೆ ಸಂಯೋಜಕಿ ಹೇಳಿದರು, ಎಲ್ಲ ಮುಗಿದ ಮೇಲೆ.