ಪ್ರತಿಕ್ರಿಯೆ: ಸತ್ಯವೇದ ಹಿಡಿದರೆ ನಿದ್ದೆ, ಇನ್ನು ನನ್ನಿಂದ ಏನು ಪ್ರಯೋಜನ?

ನಮಸ್ಕಾರ ಸರ್. ನಿವೃತ್ತಿಯಾದ ಮೇಲೆ ವರ್ಷದೊಳಗೆ ಇಡೀ ಸತ್ಯವೇದ (ಬೈಬಲ್) ಓದಲು ಹೊರಟೆ, ಎರಡು ಪುಟಕ್ಕೇ ತೂಕಡಿಕೆ, ಹಗಲು ಮಲಗಿದರೆ ಪಾಪಪ್ರಜ್ಞೆ ಎಂದಿದ್ದೀರಿ. ಮೊದಲು ಆ ವರ್ಷದ ಪಟ್ಟಿಯನ್ನು ಪಕ್ಕಕ್ಕಿಡಿ. 1189 ಅಧ್ಯಾಯ ಎಂದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು. ಅದು ಓದಲ್ಲ, ಪರೀಕ್ಷೆಯ ತಯಾರಿ! ಅದರಲ್ಲಿನ 71ನೇ ಕೀರ್ತನೆಯೊಂದನ್ನೇ ವಾರವಿಡೀ ಗಟ್ಟಿಯಾಗಿ ಓದಿ. ಮುಪ್ಪಿನಲ್ಲಿ ಕೈಬಿಡಬೇಡ ಎಂದು ದೇವರ ಹತ್ತಿರ ಹಟ ಹಿಡಿದವನ ಮಾತು ಅದು.

ಮಲಗುವ ವಿಷಯಕ್ಕೆ ಸತ್ಯವೇದದ ಪ್ರವಾದಿ ಎಲೀಯನನ್ನು ನೋಡಿ. ಸಾಕಪ್ಪಾ, ಸಾಯಿಸಿಬಿಡು ಎಂದು ಗಿಡದ ಕೆಳಗೆ ಒರಗಿದವನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ತಿಂದವನು ಮತ್ತೆ ಮಲಗಿದ, ಅದಕ್ಕೂ ಬೈಗುಳವಿಲ್ಲ. ಎರಡನೇ ಸಲವೂ ಎಬ್ಬಿಸಿದ್ದು ಊಟಕ್ಕೇ.

'ಪ್ರಯೋಜನ'ದ ಪ್ರಶ್ನೆಗೆ ನನಗೆ ನೆನಪಾಗುವವನು ಮುದಿ ಯಾಜಕ ಏಲಿ. ಮಕ್ಕಳನ್ನು ಅಂಕೆಯಲ್ಲಿಡಲಾಗದವನು, ಆದರ್ಶಪುರುಷನೇನಲ್ಲ. ಕಣ್ಣು ಮಂಜಾಗಿತ್ತು, ಆ ರಾತ್ರಿ ತನ್ನ ಜಾಗದಲ್ಲಿ ಮಲಗಿದ್ದ. ದೇವರ ಕರೆ ಕೇಳಿದ್ದು ಅವನ ಕೈಕೆಳಗೆ ದೇವಸೇವೆಗಿದ್ದ ಬಾಲಕ ಸಮುವೇಲನಿಗೆ, ಆದರೆ ಯಾರು ಕರೆದದ್ದೆಂದು ಹುಡುಗನಿಗೆ ತಿಳಿಯಲಿಲ್ಲ. ಏಲಿಯೇ ಕರೆದನೆಂದು ಮೂರು ಸಲ ಓಡಿಬಂದು ಅವನ ನಿದ್ದೆ ಕೆಡಿಸಿದ. ಅದು ಯಾರ ದನಿ, ಏನೆಂದು ಉತ್ತರಿಸಬೇಕು ಎಂದು ಹೇಳಿಕೊಟ್ಟವನು ಮಲಗಿದ್ದ ಆ ಮುದುಕನೇ.

ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ ಎಂದಿರಲ್ಲ, ಸಂಜೆ ಅವರ ಕೈಯಲ್ಲೇ ಓದಿಸಿ. ತಡವರಿಸಿದಲ್ಲಿ ನೀವು ತಿದ್ದಿ, ಕೇಳಿದ್ದಕ್ಕೆ ಕತೆ ಹೇಳಿ. ಮತ್ತೊಂದು ವಿಷಯ: ಎರಡೇ ಪುಟಕ್ಕೆ ಕಣ್ಣು ಸೋಲುವುದು ಪೊರೆಯಿಂದಲೂ ಇರಬಹುದು. ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ.